ಬೀಗದವಳು ಮೊಣಕಾಲೂರಲಿಲ್ಲ

"ಬಾಗಿಲ ಮುಂದೆ ನಿಂತಳು. ಸರಿ. ಆಮೇಲೆ? ಬಾಯಿ ಬಿಡೇ!"

ರೇಡಿಯೋ ಬಾಯಿ ಬಿಡುವಂತಿರಲಿಲ್ಲ. ದಾರದ ಒಂದು ತುದಿ ಅವಳ ಹಲ್ಲುಗಳ ನಡುವೆ ಇತ್ತು. ಉಳಿದದ್ದು ಎರಡೂ ಕೈಗಳ ಬೆರಳಿಗೆ ಸುತ್ತಿಕೊಂಡು, ಕತ್ತರಿಯ ಹಾಗೆ ತೆರೆದು ಮುಚ್ಚುತ್ತ, ಔಷಧಿ ಅಂಗಡಿಯವಳ ಎಡಹುಬ್ಬಿನ ಕೆಳಗೆ ಸರಸರನೆ ಓಡುತ್ತಿತ್ತು. ಕುರ್ಚಿಗೆ ತಲೆಯೊರಗಿಸಿದ್ದ ಅವಳು ಒಂದು ಕೈಯಿಂದ ಹಣೆಯ ಚರ್ಮವನ್ನು ಮೇಲಕ್ಕೂ ಇನ್ನೊಂದರಿಂದ ರೆಪ್ಪೆಯನ್ನು ಕೆಳಕ್ಕೂ ಎಳೆದು ಹಿಡಿದಿದ್ದಳು. ಮುಚ್ಚಿದ ಕಣ್ಣಿನ ಮೂಲೆಯಲ್ಲಿ ನೀರು ಜಿನುಗಿತ್ತು. ಅದು ದಾರದ ಉರಿಗೋ ಕಥೆಗೋ ಅವಳಿಗೇ ಗೊತ್ತಿರಲಿಲ್ಲ.

ಆ ಪಾರ್ಲರಿನಲ್ಲಿ ಕಥೆ ನಡೆಯುತ್ತಿದ್ದದ್ದೇ ಹೀಗೆ. ದಾರ ಹಲ್ಲಿನಲ್ಲಿದ್ದಾಗ ಕಥೆ ನಿಲ್ಲಬೇಕು. ಕಿತ್ತ ಕೂದಲನ್ನು ಊದಿ, ಪೌಡರ್ ಒತ್ತಿ, ಉಂಡೆಯಿಂದ ಹೊಸ ದಾರ ಎಳೆದುಕೊಳ್ಳುವಷ್ಟರಲ್ಲಿ ಒಂದು ತುಣುಕು ಮುಂದೆ ಹೋಗಬೇಕು. ಎಲ್ಲಿ ನಿಲ್ಲಿಸಿದರೆ ಗಿರಾಕಿ ಉಸಿರು ಬಿಗಿಹಿಡಿದು ಅಲ್ಲಾಡದೆ ಕೂರುತ್ತಾಳೆ ಅನ್ನುವುದು ಅವಳಿಗೆ ಅಂಗೈ ಗೆರೆಯಷ್ಟು ಗೊತ್ತು. ಬೇರೆ ಪಾರ್ಲರುಗಳಲ್ಲಿ ಹುಬ್ಬು ತೀಡಿಸಿಕೊಳ್ಳುವವರು "ಅಮ್ಮಾ, ಅಯ್ಯೋ" ಅಂದರೆ ಇಲ್ಲಿಯವರು "ಆಮೇಲೆ?" ಅನ್ನುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸದರಲ್ಲೇ ಮಾಲಕಿ, "ಏನೇ ಇದು, ನಿನ್ನನ್ನ ಆಫ್ ಮಾಡೋಕೆ ಗುಂಡಿ ಎಲ್ಲಿದೆ?" ಎಂದು ಕೇಳಿ ಇಟ್ಟ ಹೆಸರು ರೇಡಿಯೋ. ಅದೇ ಅಂಟಿಕೊಂಡಿತು. ಅವಳ ಮುಂದಿನ ಹಲ್ಲಿನ ತುದಿಯಲ್ಲಿ ದಾರ ಕೊರೆದ ಒಂದು ಸಣ್ಣ ಕಚ್ಚಿತ್ತು. ನಕ್ಕಾಗ ಕಾಣುತ್ತಿತ್ತು.

ಇವತ್ತು ಅವಳು ನಕ್ಕಿರಲಿಲ್ಲ. ನಿನ್ನೆ ಸಂಜೆಯಿಂದ ಹೊಟ್ಟೆಯೊಳಗೆ ಒಂದು ಕೆಂಡ ಇಟ್ಟುಕೊಂಡು ಓಡಾಡುತ್ತಿದ್ದಳು.

ಕಾರಣ 'ಬೀಗದವಳು'. ಟಿವಿಯಲ್ಲಿ ಸಂಜೆ ಬರುತ್ತಿದ್ದ ಧಾರಾವಾಹಿ ಅದು. ಮಾಡದ ಕಳ್ಳತನ ಹೊರಿಸಿ ದೊಡ್ಡಣ್ಣ ಮನೆಯಿಂದ ಹೊರಹಾಕಿದ ಹುಡುಗಿ, ಬೀಗ ರಿಪೇರಿ ಕಲಿತು, ಚೀಲ ಹೆಗಲಿಗೇರಿಸಿಕೊಂಡು ಊರಿನ ಬಾಗಿಲುಗಳನ್ನೆಲ್ಲ ತೆಗೆದುಕೊಡುತ್ತ ಬದುಕುವ ಕಥೆ. ಮಗು ಒಳಗೆ ಸಿಕ್ಕಿಹಾಕಿಕೊಂಡ ಕೋಣೆ, ಕೀಲಿಕೈ ಕಳೆದ ಗಲ್ಲಾಪೆಟ್ಟಿಗೆ, ಗಂಡ ಹೊರಗಿನಿಂದ ಬೀಗ ಹಾಕಿಕೊಂಡು ಹೋದ ಮನೆ, ಯಾವುದಾದರೂ ಸರಿ. ಕಿವಿಯನ್ನು ಬೀಗಕ್ಕೆ ಒತ್ತಿ, ಕಣ್ಣು ಅರೆಮುಚ್ಚಿ, ತಂತಿ ತಿರುಗಿಸುವಳು. ಟಕ್ ಅನ್ನುವುದು. ಆ ಟಕ್ ಕೇಳಿದಾಗಲೆಲ್ಲ ರೇಡಿಯೋಗೆ ತನ್ನ ಬೆನ್ನಿನ ಯಾವುದೋ ಒಂದು ಗಂಟು ಬಿಚ್ಚಿದ ಹಾಗಾಗುತ್ತಿತ್ತು.

ಆ ಧಾರಾವಾಹಿಗಾಗಿ ಅವಳು ನುಂಗಿಕೊಂಡದ್ದು ಒಂದೆರಡಲ್ಲ. ಬೀಗದವಳಿಗೆ ಇದ್ದಕ್ಕಿದ್ದ ಹಾಗೆ ಒಬ್ಬಳು ಅವಳಿಜವಳಿ ತಂಗಿ ಹುಟ್ಟಿಕೊಂಡಿದ್ದಳು, ನುಂಗಿಕೊಂಡಳು. ತಂಗಿಗೆ ನೆನಪು ಹೋಯಿತು, ನೆನಪು ಬಂದಾಗ ನಟಿಯೇ ಬದಲಾಗಿದ್ದಳು, ಅದನ್ನೂ ನುಂಗಿಕೊಂಡಳು. ಸತ್ತು ಬೂದಿಯಾಗಿದ್ದ ವಕೀಲ ಮೀಸೆ ಬೋಳಿಸಿಕೊಂಡು ವಾಪಸ್ಸು ಬಂದ. ಬರಲಿ, ಪಾಪ, ಅವನಿಗೂ ಹೊಟ್ಟೆಪಾಡು. 'ಹಿಂದಿನ ಸಂಚಿಕೆಯಲ್ಲಿ' ಎಂದು ನಿನ್ನೆಯ ತಂಗಳನ್ನೇ ಕಾಲುಭಾಗ ಬಡಿಸುತ್ತಿದ್ದರು. ಬೀಗದವಳು ತಂತಿ ಹಿಡಿದು ಉಸಿರು ಬಿಗಿಹಿಡಿದ ಕ್ಷಣಕ್ಕೇ ನೆಲ ಒರೆಸುವ ದ್ರಾವಣದ ಜಾಹೀರಾತು ಬರುತ್ತಿತ್ತು, ಅದರಲ್ಲೊಬ್ಬಳು ನೆಲದಲ್ಲಿ ತನ್ನ ಮುಖ ನೋಡಿಕೊಂಡು ಹಲ್ಲು ಕಿರಿಯುತ್ತಿದ್ದಳು. ನಿನ್ನೆ ಅದೆಲ್ಲ ಮುಗಿದ ಮೇಲೆ ಆ ದೃಶ್ಯ ಬಂತು. ಒಳಗೆ ತಾಯಿ ಹಾಸಿಗೆ ಹಿಡಿದಿದ್ದಾಳೆ. ಹೊರಗೆ ದೊಡ್ಡಣ್ಣ ನಿಂತಿದ್ದಾನೆ. "ಮೊಣಕಾಲೂರಿ ತಪ್ಪಾಯ್ತು ಅನ್ನು. ಬಾಗಿಲು ತೆಗೆಸ್ತೀನಿ" ಅನ್ನುತ್ತಾನೆ. ಬೀಗದವಳು ಅವನ ಮುಂದೆ ಮೊಣಕಾಲೂರಿದಳು. ಹಣೆ ಅವನ ಬೂಟಿಗೆ ತಾಗುವಷ್ಟು ಬಗ್ಗಿ ಅತ್ತಳು. ಹಿಂದೆ ಪಿಟೀಲು ಕುಯ್ದರು.

"ಈಗ ಸರಿಯಾಯ್ತು ನೋಡು," ಎಂದಿದ್ದರು ಅತ್ತೆ, ಪಕ್ಕದಲ್ಲಿ ಕಾಲು ಚಾಚಿ ಕೂತು. "ಮೊದಲೇ ಬಗ್ಗಿದ್ರೆ ಇಷ್ಟೆಲ್ಲ ರಾದ್ಧಾಂತ ಆಗ್ತಿತ್ತಾ?"

"ಯಾವ ತಪ್ಪಿಗೆ ಅತ್ತೆ? ಕದ್ದಿದ್ದು ಅವನೇ ಅಂತ ನಮಗೆಲ್ಲ ತೋರಿಸಿದ್ದಾರಲ್ಲ!"

"ತಪ್ಪು ಯಾರದಾದ್ರೇನು, ಸಂಸಾರ ಒಂದಾಗಬೇಕು."

ರೇಡಿಯೋ ಎದ್ದು ಹೋಗಿ ಪಾತ್ರೆ ತೊಳೆದಳು. ತೊಳೆದಿದ್ದನ್ನೇ ಮತ್ತೆ ತೊಳೆದಳು. ಒಂದು ಸಿಟ್ಟು ಒಳಗೆ ಬಂದರೆ ಬಾಗಿಲು ತೆರೆದೇ ಇರುತ್ತದೆ, ಉಳಿದವೂ ನುಗ್ಗುತ್ತವೆ. ಯಾರೂ ಇಲ್ಲದ ಮಹಡಿಯಲ್ಲೆಲ್ಲ ನಿಂತು ಬಾಯಿ ತೆರೆಯುವ ಲಿಫ್ಟು, ರಜೆಯ ದಿನವೇ ಗೋಡೆ ಕೊರೆಯುವ ಮೇಲಿನ ಮನೆಯವರು, ಸರತಿಯಲ್ಲಿ ತಾವು ನಿಲ್ಲದೆ ಚೀಲವನ್ನು ನಿಲ್ಲಿಸುವವರು, ಬಸ್ಸಿನಲ್ಲಿ ಇಡೀ ಬಸ್ಸಿಗೇ ಕೇಳುವಂತೆ ಮೊಬೈಲ್ ನೋಡುವವರು. ಎಲ್ಲರಿಗಿಂತ ಹೆಚ್ಚಾಗಿ, "ಬರೀ ಸೀರಿಯಲ್ ತಾನೇ" ಅನ್ನುವವರು. ತಮ್ಮ ತಂಡ ಪಂದ್ಯ ಸೋತರೆ ಊಟ ಬಿಟ್ಟು ಗೋಡೆ ಕಡೆ ತಿರುಗಿ ಮಲಗುವ ಗಂಡಸರೇ ಆ ಮಾತನ್ನು ಜಾಸ್ತಿ ಹೇಳುವುದು. ಚೆಂಡು ಗೆರೆ ದಾಟಿದರೆ ಅದು ಲೋಕದ ಸುದ್ದಿ. ಒಬ್ಬ ಹೆಣ್ಣು ಬಗ್ಗಬಾರದ ಕಡೆ ಬಗ್ಗಿದರೆ ಅದು ಬರೀ ಸೀರಿಯಲ್.

ಆದರೆ ಅವಳನ್ನು ಎಲ್ಲಕ್ಕಿಂತ ಚುಚ್ಚಿದ್ದು ಬೇರೆ. ಊರಿಗೆಲ್ಲ ಬೀಗ ತೆಗೆದುಕೊಡುವವಳು ಒಂದು ಬಾಗಿಲಿಗಾಗಿ ಮೊಣಕಾಲೂರುತ್ತಾಳಾ? ಹೆಗಲಲ್ಲೇ ಚೀಲ, ಚೀಲದಲ್ಲೇ ತಂತಿ! ಬರೆದವನು ತಾನು ಬರೆದದ್ದನ್ನೇ ಮರೆತಿದ್ದ. ಇಷ್ಟು ಕಾಲ ಜೊತೆಗಿದ್ದವನಿಗೆ ಅವಳು ಏನು ಕೆಲಸ ಮಾಡುತ್ತಾಳೆ ಅನ್ನುವುದೂ ನೆನಪಿಲ್ಲ.

ರೇಡಿಯೋಳ ಅಜ್ಜಿ ಆಗಿದ್ದರೆ ಮರೆಯುತ್ತಿರಲಿಲ್ಲ. ಅವಳ ತಲೆ ಬಾಚುತ್ತ ಅಜ್ಜಿ ಕಥೆ ಹೇಳುತ್ತಿದ್ದಳು, ಸಿಕ್ಕು ಬಂದಲ್ಲಿ ಕಥೆಯನ್ನೂ ನಿಧಾನ ಮಾಡುತ್ತಿದ್ದಳು. "ನೆನ್ನೆ ರಾಕ್ಷಸ ಹೊಳೇಲಿ ಮುಳುಗಿ ಸತ್ತ ಅಂದಿದ್ದೆ?" ಎಂದು ಇವಳು ಕೇಳಿದರೆ, "ಅವನು ನೆನ್ನೆಯವನು. ಇವನು ಅವನ ತಮ್ಮ, ಈಜು ಬರುತ್ತೆ" ಅನ್ನುತ್ತಿದ್ದಳು. ರಾಕ್ಷಸ ಬದಲಾಗುತ್ತಿದ್ದ, ಕಾಡು ಬದಲಾಗುತ್ತಿತ್ತು. ಎಲ್ಲ ಕಥೆಗಳಲ್ಲೂ ಇರುತ್ತಿದ್ದ ಕೊನೆಯ ಮಗಳು ಮಾತ್ರ ಯಾವತ್ತೂ ಯಾರನ್ನೂ ಬೇಡುತ್ತಿರಲಿಲ್ಲ.

ಈಗ ಔಷಧಿ ಅಂಗಡಿಯವಳ ಹುಬ್ಬಿನ ಮೇಲೆ ಪೌಡರ್ ಒತ್ತುತ್ತ ರೇಡಿಯೋ ದಾರ ಬಾಯಿಂದ ತೆಗೆದಳು. ಧಾರಾವಾಹಿ ಬರುವ ಹೊತ್ತಿಗೇ ಔಷಧಿ ಅಂಗಡಿಯಲ್ಲಿ ಜನ ಮುತ್ತಿಕೊಳ್ಳುತ್ತಿದ್ದರಿಂದ ಇವಳಿಗೆ ಬೀಗದವಳು ಸಿಗುತ್ತಿದ್ದದ್ದು ಈ ಕುರ್ಚಿಯಲ್ಲಿ, ಈ ಬಾಯಿಂದ ಮಾತ್ರ.

"ದೊಡ್ಡಣ್ಣ, 'ಮೊಣಕಾಲೂರು, ತಪ್ಪಾಯ್ತು ಅನ್ನು' ಅಂದ. ಬೀಗದವಳು ಅವನ ಮುಖ ನೋಡಿದಳು. ಬಾಗಿಲು ನೋಡಿದಳು. ಬೀಗ ನೋಡಿದಳು." ಊದಿದಳು. "ನಕ್ಕುಬಿಟ್ಟಳು. 'ಅಣ್ಣಾ, ನಾನು ಏನು ಕೆಲಸ ಮಾಡ್ತೀನಿ ಅನ್ನೋದೇ ಮರೆತ್ಯಾ?' ಅಂದಳು. ಚೀಲ ಕೆಳಗಿಟ್ಟಳು. ತಂತಿ ತೆಗೆದಳು."

ದಾರ ಮತ್ತೆ ಹಲ್ಲಿಗೆ ಹೋಯಿತು. ಆ ಮೌನಕ್ಕೇ ಕಾದಿದ್ದವರ ಹಾಗೆ ಪಕ್ಕದ ಕುರ್ಚಿಯಿಂದ ದನಿ ಬಂತು.

"ಏನು ಹಸಿಸುಳ್ಳು ಹೇಳ್ತಾಳಪ್ಪ ಇವಳು! ನಿನ್ನೆ ನಾನೇ ನೋಡಿದೀನಿ. ದಬಕ್ ಅಂತ ಕಾಲಿಗೆ ಬಿದ್ದಳು. ಗೊಳೋ ಅಂತ ಅತ್ತಳು."

ಹೇಳಿದ್ದು ಮದುವೆ ಮೇಡಂ. ಮದುವೆಗಳ ಏರ್ಪಾಟು ವಹಿಸಿಕೊಳ್ಳುವುದು ಅವರ ಕಸುಬು. ಮದುಮಗಳ ಅಲಂಕಾರವನ್ನೆಲ್ಲ ಇದೇ ಪಾರ್ಲರಿಗೆ ತರುತ್ತಿದ್ದರು, ಹಾಗಾಗಿ ಅವರು ಬಂದರೆ ಮಾಲಕಿ ಎದ್ದು ನಿಲ್ಲುತ್ತಿದ್ದಳು. ಈಗ ತಲೆಗೆ ಡೈ ಹಚ್ಚಿಸಿಕೊಂಡು, ಪ್ಲಾಸ್ಟಿಕ್ ಟೋಪಿ ಹಾಕಿಕೊಂಡು ಕೂತಿದ್ದರು.

ಔಷಧಿ ಅಂಗಡಿಯವಳ ಕಣ್ಣು ತಟಕ್ಕನೆ ತೆರೆಯಿತು. "ಬಿದ್ದಳಾ?" ಎಂದು ಎದ್ದು ಕೂರಲು ಹೋಗಿ ಎರಡೂ ಕೈ ಬಿಟ್ಟುಬಿಟ್ಟಳು. ಎಳೆದು ಹಿಡಿದ ಚರ್ಮ ಸಡಿಲಾದ ಕ್ಷಣಕ್ಕೆ ದಾರ ಇನ್ನೂ ಓಡುತ್ತಿತ್ತು. ಹುಬ್ಬಿನ ಬಾಲ ಪೂರ್ತಿ ದಾರದ ಜೊತೆಗೇ ಬಂತು. ಅದಿದ್ದ ಜಾಗದಲ್ಲಿ ಸಾಸಿವೆಯಷ್ಟು ರಕ್ತ ಮೂಡಿತು.

ಮಾಲಕಿ ಹತ್ತಿ ಹಿಡಿದು ಓಡಿ ಬಂದಳು. ರೇಡಿಯೋ ಆಗಲೇ ಹತ್ತಿ ಒತ್ತಿ ನಿಂತಿದ್ದಳು.

"ನನ್ನ ತಪ್ಪು, ಮೆಡಿಕಲ್ ಅಕ್ಕ. ನೀವು ಕೈ ಬಿಟ್ರೂ ನನ್ನ ದಾರ ನಿಲ್ಲಬೇಕಿತ್ತು. ಕ್ಷಮಿಸಿ. ತಪ್ಪಾಯ್ತು."

"ಹುಬ್ಬು ಬೆಳೆಯುತ್ತೆ ಬಿಡೇ," ಎಂದಳು ಔಷಧಿ ಅಂಗಡಿಯವಳು, ಹತ್ತಿಯ ಕೆಳಗಿನಿಂದಲೇ ಒಂದು ಕಣ್ಣು ತೆರೆದು. "ಅವಳು ಬಿದ್ದಳೋ ಇಲ್ವೋ, ಅದು ಹೇಳು."

"ಟಿವಿಯಲ್ಲಿ ಬಿದ್ದಳು."

"ಮತ್ತೆ ನೀನು ಹೇಳಿದ್ದು?"

"ನಾನು ಹೇಳಿದ್ರಲ್ಲಿ ಬೀಳಲಿಲ್ಲ."

"ನೋಡಿದ್ರಾ! ತಾನಾಗೇ ಬಾಯಿಬಿಟ್ಟಳು!" ಎಂದರು ಮೇಡಂ. ಟೋಪಿ ಸರಬರ ಸದ್ದು ಮಾಡಿತು. "ಇಷ್ಟು ದಿನ ಇನ್ನೆಷ್ಟು ಬುರುಡೆ ಬಿಟ್ಟಿದ್ದಾಳೋ. ನೋಡಿದೋರನ್ನೇ ಸುಳ್ಳು ಮಾಡೋಕೆ ಹೊರಟಿದ್ದಾಳೆ."

"ನೀವು ನೋಡಿದ್ದು ನಿಜ ಮೇಡಂ. ಅವರು ಬರೆದಿದ್ದು ತಪ್ಪು."

"ಓಹೋ! ಊರೆಲ್ಲ ನೋಡೋ ಸೀರಿಯಲ್ ತಪ್ಪು, ಹುಬ್ಬು ಕೀಳೋಳು ಹೇಳಿದ್ದು ಸರಿ."

"ನೀವೇ ಹೇಳಿ ಮೇಡಂ. ಹೆಗಲಲ್ಲಿ ತಂತಿ ಇಟ್ಕೊಂಡೋಳು ಬಾಗಿಲು ತೆಗೀರಿ ಅಂತ ಯಾರ ಕಾಲಾದ್ರೂ ಹಿಡೀತಾಳಾ?"

ಮೇಡಂಗೆ ಸಿಟ್ಟು ಇನ್ನೂ ಏರಿತು. ಅವರು ಮಾಲಕಿಯ ಕಡೆ ತಿರುಗಿ, "ಮದುಮಗಳನ್ನ ಇಂಥವರ ಕೈಗೆ ಹೇಗೆ ಕೊಡೋದು? ನೀವೇ ಯೋಚನೆ ಮಾಡಿ" ಎಂದರು.

ಔಷಧಿ ಅಂಗಡಿಯವಳು ಮೊದಲು ಹೊರಟಳು. ರೇಡಿಯೋ ಬಾಗಿಲ ತನಕ ಹೋಗಿ ಮತ್ತೊಮ್ಮೆ ಕ್ಷಮೆ ಕೇಳಿದಳು.

"ಹುಬ್ಬಿನ ವಿಷಯ ಬಿಡು ಅಂದೆನಲ್ಲ," ಎಂದಳು ಅವಳು. ದನಿಯಲ್ಲಿ ಮೊದಲಿನ ಸಲಿಗೆ ಇರಲಿಲ್ಲ. "ಡಾಕ್ಟರ್ ಬರೆದ ಮಾತ್ರೆ ಇಲ್ಲದಿದ್ರೆ ನಾನೂ ಬೇರೆ ಕಂಪನಿದು ಕೊಡ್ತೀನಿ ಕಣೇ. ಎಷ್ಟೋ ಸಲ ಅದೇ ಚೆನ್ನಾಗಿರುತ್ತೆ. ಆದ್ರೆ ಕೊಡೋ ಮುಂಚೆ 'ಇದು ಬೇರೆ' ಅಂತ ಹೇಳ್ತೀನಿ. ನೀನು ಹೇಳಲಿಲ್ಲ."

ಮೇಡಂ ಅಂದ 'ಹಸಿಸುಳ್ಳು' ರೇಡಿಯೋಳ ಚರ್ಮದ ಮೇಲಿಂದ ಜಾರಿಹೋಗಿತ್ತು. ಈ ಮಾತು ಒಳಗೆ ಹೋಗಿ ಕೂತಿತು.

ಮೇಡಂ ಹೋದ ಮೇಲೆ ಮಾಲಕಿ ಬಾಚಣಿಗೆಗಳನ್ನು ನೀರಿಗೆ ಹಾಕುತ್ತ, ಇವಳ ಮುಖ ನೋಡದೆ ಶುರುಮಾಡಿದಳು. "ಫೋನ್ ಮಾಡಿ ಒಂದು 'ಸಾರಿ' ಹೇಳಿಬಿಡು. ನಿನ್ನ ಗಂಟೇನು ಹೋಗುತ್ತೆ?"

"ಹುಬ್ಬಿಗೆ ಹೇಳಿದ್ನಲ್ಲ ಅಕ್ಕ."

"ಹುಬ್ಬಿನ ಮಾತಲ್ಲ. ಮೇಡಂಗೆ."

"ಏನಂತ ಹೇಳ್ಲಿ?"

"ಸುಳ್ಳು ಹೇಳಿದೆ, ಎದುರು ಮಾತಾಡಿದೆ, ತಪ್ಪಾಯ್ತು ಅಂತ. ಅದೂ ನಾನೇ ಹೇಳಿಕೊಡಬೇಕಾ?"

"ಮೆಡಿಕಲ್ ಅಕ್ಕನ ಹತ್ರ ಹೇಳದೇ ಕಥೆ ಬದಲಾಯಿಸಿದ್ದು ತಪ್ಪು. ಅದನ್ನ ಅವರಿಗೆ ಹೇಳ್ತೀನಿ. ಮೇಡಂಗೆ ನಾನೇನೂ ಮಾಡಿಲ್ಲ."

ಮಾಲಕಿ ಕೆಟ್ಟವಳಲ್ಲ. ರೇಡಿಯೋಳ ಗಂಡ ಕಾರ್ಖಾನೆಯ ಪಾಳಿಯಲ್ಲಿ ಜಾರಿಬಿದ್ದು ಕೈ ಮುರಿದುಕೊಂಡಾಗ ಕೇಳುವ ಮೊದಲೇ ರಜೆ ಕೊಟ್ಟಿದ್ದಳು. ಆದರೆ ಮದುವೆಗಳು ಕೈತಪ್ಪಿದರೆ ಕುರ್ಚಿಗಳು ಖಾಲಿ ಕೂರುತ್ತವೆ. ಅವಳು ಒದ್ದೆ ಕೈಯನ್ನು ಟವೆಲಿಗೆ ಒರೆಸಿಕೊಂಡಳು.

"ಹಾಗಾದ್ರೆ ನಾಳೆಯಿಂದ ದಾರ ಮುಟ್ಟಬೇಡ. ಕಾಲಿನ ಕೆಲಸ ಮಾಡು. ಕಥೆಗಿಥೆ ಬಂದ್. ಮೇಡಂ ಬಂದ ದಿನ ಅವರ ಮುಂದೇನೇ ಹೇಳಬೇಕು, ಇಲ್ಲಾಂದ್ರೆ ಚೀಲ ತಗೊಂಡು ಹೊರಡು. ನನಗೂ ಬೇರೆ ದಾರಿ ಇಲ್ಲ ಕಣೇ."

ಮನೆಯಲ್ಲಿ ಅತ್ತೆ ಎಲ್ಲ ಕೇಳಿಸಿಕೊಂಡರು. ಟಿವಿಯ ದನಿ ತಗ್ಗಿಸಿ ಕೇಳಿಸಿಕೊಂಡದ್ದೇ ದೊಡ್ಡ ಮರ್ಯಾದೆ.

"ಅಷ್ಟಕ್ಕೆಲ್ಲ ಕೆಲಸ ಕಳ್ಕೋತಾರಾ? ಒಂದು ಮಾತು, ಹೇಳಿಬಿಡು. ನಾನು ಜೀವಮಾನ ಪೂರ್ತಿ ಹೇಳಿದೀನಿ. ನಿಮ್ಮ ಮಾವಂಗೆ, ಅವರ ಅಮ್ಮಂಗೆ, ಅವರ ಅಕ್ಕಂದಿರಿಗೆ."

"ಯಾವುದಕ್ಕೆ ಅತ್ತೆ?"

"ಯಾವುದಕ್ಕೆ ಅಂದ್ರೆ?" ಅತ್ತೆ ಹುಬ್ಬು ಗಂಟಿಕ್ಕಿ ಯೋಚಿಸಿದರು. ಪರದೆಯ ಮೇಲೆ ಬೀಗದವಳು ದೊಡ್ಡಣ್ಣನ ಮನೆಯಲ್ಲಿ ತಲೆ ತಗ್ಗಿಸಿ ಹಾಲು ಕಾಯಿಸುತ್ತಿದ್ದಳು, ಉಪಕರಣದ ಚೀಲ ಎಲ್ಲೂ ಕಾಣಲಿಲ್ಲ. ಅತ್ತೆಯ ಕಣ್ಣು ಅತ್ತ ಇತ್ತು, ನೋಟ ಅಲ್ಲಿರಲಿಲ್ಲ. "ಒಂದೂ ನೆನಪಿಲ್ಲ ನೋಡು" ಎಂದರು. ತಮ್ಮ ಮಾತಿಗೆ ತಾವೇ ಸ್ವಲ್ಪ ಬೆಚ್ಚಿದವರ ಹಾಗೆ ರಿಮೋಟ್ ಎತ್ತಿಕೊಂಡು ದನಿ ಏರಿಸಿದರು.

ಕಾಲಿನ ಮೂಲೆ ಪಾರ್ಲರಿನ ಹಿಂಭಾಗದಲ್ಲಿತ್ತು. ಗೋಡೆಗೆ ಒತ್ತಿದ ಎತ್ತರದ ಕುರ್ಚಿಗಳು, ಎದುರಿಗೆ ಬೆಚ್ಚಗಿನ ಉಪ್ಪುನೀರಿನ ಟಬ್ಬುಗಳು. ಕೆಲಸದವಳಿಗೆ ಗೇಣೆತ್ತರದ ಒಂದು ಸ್ಟೂಲು. ಅಲ್ಲಿಂದ ಕಾಣುವುದು ಬರೀ ಹಿಮ್ಮಡಿಗಳ ಲೋಕ. ಬಿರುಕು ಬಿಟ್ಟವು, ಚಪ್ಪಲಿಯ ಗುರುತು ಉಳಿದವು, ದಿನವಿಡೀ ನಿಂತು ಊದಿದವು. ಮೊದಲ ಎರಡು ದಿನ ರೇಡಿಯೋ ತುಟಿ ಬಿಚ್ಚಲಿಲ್ಲ. ಕಲ್ಲಿನಿಂದ ಹಿಮ್ಮಡಿ ಉಜ್ಜುವ ಸದ್ದು ಬಿಟ್ಟರೆ ಆ ಮೂಲೆ ಆಸ್ಪತ್ರೆಯ ಹಾಗಿತ್ತು. ಗಿರಾಕಿಗಳು ಮೊಬೈಲ್ ನೋಡುತ್ತ, ಕಚಗುಳಿಗೆ ಕಾಲೆಳೆದುಕೊಳ್ಳುತ್ತ, ಟಬ್ಬಿನ ನೀರು ಚೆಲ್ಲುತ್ತಿದ್ದರು.

ಮೂರನೆಯ ದಿನ ಔಷಧಿ ಅಂಗಡಿಯವಳು ಬಂದಳು. ಎಡಹುಬ್ಬಿನ ಬಾಲವನ್ನು ಪೆನ್ಸಿಲಿನಿಂದ ಬರೆದುಕೊಂಡಿದ್ದಳು, ಅದು ಬಲದ್ದಕ್ಕಿಂತ ಚೂರು ಮೇಲೆ ಹೋಗಿ ಸದಾ ಆಶ್ಚರ್ಯಪಟ್ಟವಳ ಹಾಗೆ ಕಾಣುತ್ತಿದ್ದಳು. ನೇರ ಹಿಂದಕ್ಕೆ ಬಂದು, ಚಪ್ಪಲಿ ಕಳಚಿ, ಕಾಲನ್ನು ನೀರಿಗಿಳಿಸಿ ಕೂತಳು. ಕಾಲಿಗೆ ಏನೂ ಆಗಿರಲಿಲ್ಲ.

ರೇಡಿಯೋ ತಲೆಯೆತ್ತಿದಳು.

"ಮೆಡಿಕಲ್ ಅಕ್ಕ, ಅವತ್ತು ಹೇಳದೇ ಬದಲಾಯಿಸಿದ್ದು ತಪ್ಪಾಯ್ತು. ಇವತ್ತು ಹೇಳಿಯೇ ಹೇಳ್ತೀನಿ. ಟಿವಿಯಲ್ಲಿ ಅವಳು ಮೊಣಕಾಲೂರಿದಳು. ಈಗ ದೊಡ್ಡಣ್ಣನ ಮನೇಲಿ ಹಾಲು ಕಾಯಿಸ್ತಿದ್ದಾಳೆ. ಅದು ಬೇಕಿದ್ರೆ ಅಲ್ಲೇ ನೋಡ್ಕೊಳ್ಳಿ. ಬಾಗಿಲಿಂದ ಆಚೆಯದ್ದು ಅವರದ್ದಲ್ಲ. ನನ್ನದು."

"ನಿನ್ನದು ಅಂದ್ರೆ? ನಿನಗೆ ಗೊತ್ತಾ ಮುಂದೆ ಏನಾಗುತ್ತೆ?"

"ಇನ್ನೂ ಗೊತ್ತಿಲ್ಲ."

"ಹಾಗಾದ್ರೆ ಹೇಳು."

ಹೇಳಲು ಶುರುಮಾಡಿದಾಗಲೇ ಅವಳಿಗೆ ತಿಳಿದದ್ದು: ಕೈಗಳೆರಡೂ ನೀರಿನಲ್ಲಿದ್ದವು, ಬಾಯಲ್ಲಿ ಏನೂ ಇರಲಿಲ್ಲ. ನಿಲ್ಲಿಸಬೇಕಾಗಿಯೇ ಇರಲಿಲ್ಲ. ಮೊದಮೊದಲು ಅಭ್ಯಾಸಬಲದಿಂದ ಹಲ್ಲು ಕಚ್ಚಿ ತಡೆಯುತ್ತಿದ್ದಳು. ಆಮೇಲೆ ಕಥೆ ತನ್ನ ಉಸಿರಿನಲ್ಲಿ ತಾನೇ ಉದ್ದಕ್ಕೆ ಹೋಯಿತು. ಬೀಗದವಳು ಬೀಗ ತೆಗೆದಳು. ಒಳಗೆ ಒಂದು ಉದ್ದನೆಯ ಓಣಿ, ಓಣಿಯ ತುಂಬ ಬಾಗಿಲು, ಪ್ರತಿ ಬಾಗಿಲಿಗೂ ಬೀಗ. ಹಿಂದೆ ದೊಡ್ಡಣ್ಣ "ಕಳ್ಳಿ, ಕಳ್ಳಿ" ಎಂದು ಕೂಗುತ್ತ ಬರುತ್ತಿದ್ದಾನೆ. ಇವಳು ತೆಗೆದ ಬಾಗಿಲನ್ನು ಮುಚ್ಚದೆ ಹಾಗೇ ಬಿಟ್ಟು ಮುಂದಿನದಕ್ಕೆ ಹೋಗುತ್ತಿದ್ದಾಳೆ. ಪಕ್ಕದ ಕುರ್ಚಿಯವಳು ಮೊಬೈಲ್ ಕೆಳಗಿಟ್ಟಳು.

"ಲೇ! ಏನು ಹೇಳಿದ್ದೆ ನಾನು?" ಮಾಲಕಿ ಪರದೆ ಸರಿಸಿ ಬಂದಳು.

"ದಾರ ಮುಟ್ಟಬೇಡ ಅಂದ್ರಿ, ಮುಟ್ಟಿಲ್ಲ. ಕಾಲು ಉಜ್ಜು ಅಂದ್ರಿ, ಉಜ್ಜುತಿದೀನಿ. ಬಾಯಿ ಸಂಬಳಕ್ಕೆ ಕೊಟ್ಟಿದ್ದಲ್ಲ ಅಕ್ಕ."

"ಮೇಡಂ ಬರಲಿ, ಇರು," ಎಂದು ಮಾಲಕಿ ಪರದೆ ಎಳೆದುಕೊಂಡು ಹೋದಳು. ರೇಡಿಯೋ ಆವತ್ತು ಮನೆಗೆ ಹೊರಡುವಾಗ ತನ್ನ ಕತ್ತರಿ, ಟವೆಲು, ನೀರಿನ ಬಾಟಲಿ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡಳು. ದಿನವೂ ಹಾಕಿಕೊಂಡು ಹೋಗಿ ದಿನವೂ ತಂದಳು.

ಮೇಡಂ ಬಂದದ್ದು ಮುಂದಿನ ವಾರ. ಎರಡು ಮದುವೆಗಳ ಓಡಾಟದಲ್ಲಿ ಅವರ ಹಿಮ್ಮಡಿ ಬಿರಿದು, ಹೆಜ್ಜೆ ಊರಲಾಗದಷ್ಟು ನೋಯುತ್ತಿತ್ತು. ಹಿಂದಿನ ಮೂಲೆಗೆ ಬಂದು, ಗೇಣೆತ್ತರದ ಸ್ಟೂಲಿನ ಮೇಲೆ ಯಾರಿದ್ದಾರೆಂದು ನೋಡಿ ನಿಂತರು. ಮುಖದಲ್ಲಿ ನಗು ನಿಧಾನವಾಗಿ ಹರಡಿತು.

"ಪರವಾಗಿಲ್ವೇ. ಈಗ ಸರಿಯಾದ ಜಾಗದಲ್ಲಿ ಕೂತಿದ್ದೀಯ."

ಆಚೆ ಕುರ್ಚಿಯಲ್ಲಿ ಔಷಧಿ ಅಂಗಡಿಯವಳ ಪೆನ್ಸಿಲ್ ಹುಬ್ಬು ಇನ್ನೂ ಮೇಲೇರಿತು. ಮಾಲಕಿ ಪರದೆಯ ಬಳಿ ಬಂದು ನಿಂತಳು, ರೇಡಿಯೋ ಕಡೆ ನೋಡಿದಳು. ಆ ನೋಟದಲ್ಲಿ ಬೆದರಿಕೆಗಿಂತ ಬೇಡಿಕೆಯೇ ಜಾಸ್ತಿ ಇತ್ತು.

"ಕೂತ್ಕೊಳ್ಳಿ ಮೇಡಂ," ಎಂದಳು ರೇಡಿಯೋ. ಅವರ ಕಾಲನ್ನು ಎರಡೂ ಕೈಯಲ್ಲಿ ಹಿಡಿದು, ನೋಯದ ಹಾಗೆ ನೀರಿಗಿಳಿಸಿದಳು. ಬಿರುಕು ಆಳವಾಗಿತ್ತು. ಒಂದು ಕಡೆ ರಕ್ತ ಕರೆಗಟ್ಟಿತ್ತು.

"ಏನೋ ಹೇಳೋದಿದೆ ಅಂತ ಇವರು ಹೇಳಿದ್ರು?" ಮೇಡಂ ಮಾಲಕಿಯ ಕಡೆ ಗಲ್ಲ ಎತ್ತಿದರು.

"ಹೌದು, ಹೇಳ್ತೀನಿ." ರೇಡಿಯೋಳ ಕೈ ನೀರಿನಲ್ಲಿ ತನ್ನ ಕೆಲಸ ಮಾಡುತ್ತಲೇ ಇತ್ತು. "ಈ ಕಾಲಿಗೆ ಎಷ್ಟು ಬೇಕೋ ಅಷ್ಟು ಬಗ್ತೀನಿ ಮೇಡಂ. ಅದು ಕೆಲಸ. ಇವತ್ತು ನೀವು ನಡೆದುಕೊಂಡು ಹೋಗೋ ಹಾಗೆ ಮಾಡಿ ಕಳಿಸ್ತೀನಿ. ಆದ್ರೆ ಬೀಗದವಳು ಮೊಣಕಾಲೂರಲಿಲ್ಲ ಅಂತ ಹೇಳಿದ್ದಕ್ಕೆ ಕ್ಷಮೆ ಕೇಳಲ್ಲ. ಅವತ್ತೂ ಕೇಳಲಿಲ್ಲ, ಇವತ್ತೂ ಕೇಳಲ್ಲ. ನನ್ನ ಚೀಲ ಅಲ್ಲೇ ಬಾಗಿಲ ಹತ್ರ ಇದೆ ಅಕ್ಕ. ಈ ಕಾಲು ಮುಗಿಸಿ ಹೊರಡು ಅಂದ್ರೆ ಹೊರಡ್ತೀನಿ."

ಮುಂದಿನ ಕೋಣೆಯಲ್ಲಿ ಯಾರದೋ ಕೂದಲು ಒಣಗಿಸುವ ಯಂತ್ರ ಗುಂಯ್ ಎಂದು ನಿಂತಿತು. ಮೇಡಂ ಕಾಲು ಎಳೆದುಕೊಳ್ಳಲು ಹೋದರು. ಬೆಚ್ಚಗಿನ ನೀರು ಬಿರುಕಿಗೆ ಆಗಷ್ಟೇ ಇಳಿಯತೊಡಗಿತ್ತು. ಎಳೆದುಕೊಳ್ಳಲಿಲ್ಲ. "ಕೆಲಸ ಮಾಡು ಮೊದಲು," ಎಂದು ಗೋಡೆಯ ಕಡೆ ಮುಖ ತಿರುಗಿಸಿದರು. ಮಾಲಕಿ ಬಿಸಿನೀರು ತರಲೆಂದು ಒಳಗೆ ಹೋದಳು.

"ಓಣಿಯ ಕೊನೆಗೆ ಬಂದಿದ್ದಳು," ಎಂದಳು ಔಷಧಿ ಅಂಗಡಿಯವಳು, ಯಾರಿಗೂ ಅಲ್ಲವೆಂಬಂತೆ.

"ಬಂದಳು," ಎಂದಳು ರೇಡಿಯೋ. ಕಲ್ಲಿನಿಂದ ಹಿಮ್ಮಡಿಯ ಅಂಚನ್ನು ಮೆಲ್ಲಗೆ ಉಜ್ಜುತ್ತ ಹೇಳತೊಡಗಿದಳು. "ಇದು ಟಿವಿಯದ್ದಲ್ಲ, ಮೊದಲೇ ಹೇಳಿಬಿಡ್ತೀನಿ. ಕೊನೆ ಬಾಗಿಲು. ಹಿಂದೆ ದೊಡ್ಡಣ್ಣನ ಕೂಗು ನಿಂತುಹೋಗಿತ್ತು. ಅವನು ತಾನು ಹಾಕಿದ ಬೀಗಗಳನ್ನೇ ಒಂದೊಂದಾಗಿ ಎತ್ತಿಕೊಂಡು, ಇದು ಯಾವ ಬಾಗಿಲದ್ದು ಅಂತ ಗೊತ್ತಾಗದೆ ಓಣಿಯಲ್ಲೇ ನಿಂತುಬಿಟ್ಟಿದ್ದ. ಬೀಗದವಳು ಕೈ ಚಾಚಿ ಕೊನೆ ಬಾಗಿಲು ಸವರಿದಳು. ಮೇಲಿಂದ ಕೆಳಗೆ ಸವರಿದಳು. ಬೀಗ ಇಲ್ಲ. ಬೀಗದ ಕಣ್ಣೂ ಇಲ್ಲ. ತಳ್ಳಿದಳು. ಅಲ್ಲಾಡಲಿಲ್ಲ. ಒಳಗಿನಿಂದ ಚಿಲಕ ಹಾಕಿತ್ತು. ಹೊರಗಿಂದ ತಂತಿ ಹಾಕೋಕೆ ಒಂದು ತೂತೂ ಇರಲಿಲ್ಲ."

"ಯಾರು ಹಾಕಿದ್ದು?"

ಕೇಳಿದ್ದು ಮೇಡಂ. ಮುಖ ಇನ್ನೂ ಗೋಡೆಯ ಕಡೆಗೇ ಇತ್ತು.

ರೇಡಿಯೋ ತಲೆಯೆತ್ತಲಿಲ್ಲ. "ಆ ಕಾಲು ಕೊಡಿ ಮೇಡಂ," ಎಂದಳು.

ಮೇಡಂ ಇನ್ನೊಂದು ಕಾಲು ಕೊಟ್ಟರು.

"ಒಳಗೆ ಇದ್ದದ್ದು ಒಬ್ಬರೇ. ಅಮ್ಮ. ಮಗ ಹೊರಗಿಂದ ಬೀಗ ಹಾಕೋದನ್ನ ಕೇಳಿಸ್ಕೊಂಡು ಕೇಳಿಸ್ಕೊಂಡು, ಒಂದಿನ ಆಕೆ ಹಾಸಿಗೆಯಿಂದ ತೆವಳಿಕೊಂಡು ಬಂದು ತಾನೇ ಚಿಲಕ ಹಾಕಿಬಿಟ್ಟಿದ್ದಳು. ಇನ್ನು ಯಾರು ಬಂದ್ರೂ ಇದು ತೆಗೆಯೋದು ನನ್ನ ಕೈಯಿಂದಲೇ ಅಂತ. ಬೀಗದವಳು ಬಾಗಿಲಿಗೆ ಕಿವಿ ಇಟ್ಟಳು. ಬೀಗಕ್ಕೆ ಇಡ್ತಿದ್ಲಲ್ಲ, ಹಾಗೆ. ಒಳಗಿಂದ ಸಣ್ಣ ಸದ್ದು. ಯಾರೋ ನಿಧಾನಕ್ಕೆ, ಗೋಡೆ ಹಿಡಿದುಕೊಂಡು ಬರೋ ಸದ್ದು…"

ಮಾಲಕಿ ಬಿಸಿನೀರಿನ ಕೆಟಲ್ ಹಿಡಿದು ಬಂದು ಟಬ್ಬಿನ ಪಕ್ಕದಲ್ಲಿ ನಿಂತಿದ್ದಳು. ಸುರಿಯಲು ಬಗ್ಗಿದವಳು ಹಾಗೇ ಅರ್ಧಕ್ಕೆ ನಿಂತುಬಿಟ್ಟಿದ್ದಳು. ಕೆಟಲಿನ ಮೂತಿಯಿಂದ ಹಬೆ ಮೊದಲು ದಟ್ಟವಾಗಿ ಏಳುತ್ತಿತ್ತು, ಆಮೇಲೆ ಎಳೆಯಾಯಿತು, ಆಮೇಲೆ ಕಾಣಲಿಲ್ಲ. ಟಬ್ಬುಗಳಲ್ಲಿ ನೀರು ತಣ್ಣಗಾಗಿ ಉಪ್ಪು ಅಂಚಿನಲ್ಲಿ ಬಿಳಿಗೆರೆ ಕಟ್ಟಿತ್ತು. ಸಾಲಾಗಿ ಕೂತ ಹೆಂಗಸರಲ್ಲಿ ಒಬ್ಬರೂ ಕಾಲು ತೆಗೆಯಲಿಲ್ಲ.